ಹಾರ್ನಿನ ಹಲ್ಲು

ನಮ್ಮೂರಿನಲ್ಲಿ ಮಾತು ನೆಟ್ಟಗೆ ಹೋಗುತ್ತದೆ. ಯಾರ ಮುಖಕ್ಕೆ ಎದುರಾಗಿ ಆಡಿದರೋ ಅವರಿಗಷ್ಟೇ ಸೇರುತ್ತದೆ. ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತವನಿಗೂ ಒಂದಕ್ಷರ ಸಿಕ್ಕುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ಕಂಡು ಬಾಯಿ ಬಾಯಿ ಬಿಡುತ್ತಾರೆ, ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವವಳು ನಿಂತಲ್ಲೇ ಸುತ್ತು ತಿರುಗುತ್ತಾ ಕೂಗುತ್ತಾಳೆ. ಶಾಲೆಯ ಮಾಸ್ತರರು ಒಂದೇ ಮಗ್ಗಿಯನ್ನು ಬೆಂಚಿಗೊಂದು ಸಲ ಹೇಳುತ್ತಾರೆ. ಗಂಡ ಹೆಂಡತಿಗೆ ಜಗಳ ಬಂದರೆ ಒಬ್ಬರು ಗೋಡೆಗೆ ಮುಖ ಮಾಡಿ ಮನದಣಿಯೆ ಬೈದು ಮುಗಿಸುತ್ತಾರೆ, ಅಷ್ಟರಲ್ಲಿ ಇನ್ನೊಬ್ಬರು ನಾಲ್ಕು ರೊಟ್ಟಿ ಬಡಿದಿರುತ್ತಾರೆ. ಅತ್ತೆಯ ಬಗ್ಗೆ ಅತ್ತೆಯ ಮಗ್ಗುಲಲ್ಲೇ ಕೂತು ಆಡಿಕೊಳ್ಳುವ ಸುಖವನ್ನು ಬೇರೆ ಊರಿನ ಸೊಸೆಯಂದಿರು ಕನಸಿನಲ್ಲೂ ಕಂಡಿರಲಾರರು. ಹಾಗಾಗಿ ನಮ್ಮಲ್ಲಿ ಸಂಸಾರಗಳು ಮುರಿಯುವುದು ಕಡಿಮೆ.

ತೊಂದರೆ ಇದ್ದದ್ದು ಒಂದೇ. ಹಿಂದೆ ಏನು ಕೇಳಿದರೂ ಜನ ‘ನನಗ ಕೇಳಿಸ್ಲಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಿದ್ದರಂತೆ. ಕೊಟ್ಟ ಮಾತು ಕೇಳಿಸಲಿಲ್ಲ, ಕರೆದ ಮದುವೆ ಕೇಳಿಸಲಿಲ್ಲ, ಕೂಗಿ ಹೇಳಿದ ಸಾವು ಕೇಳಿಸಲಿಲ್ಲ. ಬೇಸತ್ತ ಹಿರಿಯರು ಊರ ನಡುವೆ ಗೋಪುರ ಕಟ್ಟಿಸಿದರು. ಎಲ್ಲಿಂದಲೋ ಎರಡು ಹಳೆಯ ದೊಡ್ಡ ಹಾರ್ನು ತರಿಸಿ ಒಂದನ್ನು ಮೂಡಣದ ಓಣಿಗಳ ಕಡೆಗೂ ಇನ್ನೊಂದನ್ನು ಪಡುವಣದ ಕಡೆಗೂ ಬಾಯಿ ಮಾಡಿ ಕೂರಿಸಿದರು. ಪ್ರತಿ ಮನೆಯ ಗೋಡೆಯಲ್ಲೂ ಗೋಪುರದ ದಿಕ್ಕಿಗೆ ಒಂದು ಕಿಂಡಿ ಕೊರೆಸಿದರು. ಅಂದಿನಿಂದ ಸಾವು, ಮದುವೆ, ತೊಟ್ಟಿಲು, ನಳದ ನೀರು, ಮನೆಪಟ್ಟಿ, ಎಲ್ಲವೂ ಗೋಪುರದಿಂದಲೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ. ಗೋಪುರ ನುಡಿದದ್ದು ಕೇಳಿಸಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಗೋಪುರ ನುಡಿದದ್ದನ್ನು ಇನ್ನೊಬ್ಬರಿಗೆ ಮತ್ತೆ ಹೇಳುವಂತೆಯೂ ಇಲ್ಲ. ಹೇಳಿದರೆ, ‘ನಾನೇನು ಕಿವುಡ ಏನು, ಎಂಜಲ ಮಾತು ತಂದೀದಿ’ ಎಂದು ಜಗಳಕ್ಕೇ ಬರುತ್ತಾರೆ.

ಆದರೆ ಹಾರ್ನಿನ ಮಾತೂ ಮಾತೇ. ಹಾಗೇ ಬಿಟ್ಟರೆ ಅದೂ ನೆಟ್ಟಗೆ ಹೋಗಿ ಎದುರಿಗಿರುವ ಒಂದೇ ಮನೆಗೆ ಬಡಿಯುತ್ತದೆ. ಅದನ್ನು ಊರಗಲ ಹರಡಲೆಂದು ಹಾರ್ನಿನ ಬಾಯಿಗೆ ಓರೆಯಾದ ತಗಡಿನ ಪಟ್ಟಿಗಳ ಸಾಲೊಂದನ್ನು ಚೌಕಟ್ಟಿನಲ್ಲಿ ಕೂರಿಸುತ್ತಾರೆ. ಓದಿದವರು ಅದಕ್ಕೆ ಧ್ವನಿಮಸೂರ ಎನ್ನುತ್ತಾರೆ. ಕನ್ನಡಕದ ಗಾಜು ಬೆಳಕಿಗೆ ಮಾಡುವುದನ್ನು ಅದು ಸದ್ದಿಗೆ ಮಾಡುತ್ತದಂತೆ. ನಾವು ಹಲ್ಲು ಎನ್ನುತ್ತೇವೆ. ಹಾರ್ನಿನ ಹಲ್ಲು ಕಟ್ಟುವುದು ನನ್ನ ಕಸುಬು. ನಾನು ಪತ್ತಾರ ಕಾಳವ್ವ. ‘ಹಲ್ಲು ಕಟ್ಟುವ ಕಾಳವ್ವ’ ಎಂಬ ಹೆಸರು ಕೇಳಿ ಪರ ಊರಿನ ಮುದುಕರು ದವಡೆ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ಹೋದದ್ದೂ ಉಂಟು.

ನನ್ನ ಗಿರಾಕಿಗಳೆಲ್ಲ ದೂರದವರು. ದೊಡ್ಡ ಶಹರುಗಳಲ್ಲಿ ಹಳೆಯ ಹಾರ್ನುಗಳನ್ನು ಆಕಳು ಸಾಕಿದಂತೆ ಸಾಕುವ ಜನರಿದ್ದಾರೆ. ಹಾರ್ನು ಸಿಕ್ಕಿರುತ್ತದೆ, ಅದರ ಹಲ್ಲು ಕಳೆದುಹೋಗಿರುತ್ತದೆ. ಇನ್ನಾರದೋ ಹತ್ತಿರ ಇರುವ ಅಸಲಿ ಹಲ್ಲನ್ನು ಎರವಲು ತಂದು, ಇದರಂಥದ್ದೇ ಇನ್ನೊಂದು ಮಾಡಿಕೊಡಿ ಎನ್ನುತ್ತಾರೆ. ನಾನು ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಮಸಿ ಹಚ್ಚಿ ಕಾಗದದ ಮೇಲೆ ಒತ್ತಿ ಅಚ್ಚು ತೆಗೆಯುತ್ತೇನೆ. ಅಚ್ಚಿನ ಮೇಲೆ ತಗಡು ಕತ್ತರಿಸಿ, ಅರ ಹಾಕಿ ಅಂಚು ಸವರಿ, ಹೊಳೆಯ ನೀರಿನ ಅಲೆಯಂತೆ ಬಾಗಿಸಿ, ರಿವೆಟ್ ಬಡಿದು ಕೂರಿಸುತ್ತೇನೆ. ಪಟ್ಟಿಗಳ ನಡುವೆ ಕಿರುಬೆರಳು ಹೋಗುವಷ್ಟು ಸಂದು ಇರಬೇಕು. ಹೆಚ್ಚಾದರೆ ಮಾತು ಸೋರುತ್ತದೆ, ಕಡಿಮೆಯಾದರೆ ಮಾತು ಉಗುಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ ಆ ಶಹರಿನವರಿಗೆ ಅಸಲಿಯಲ್ಲಿ ತಗ್ಗಿದ್ದರೆ ನಕಲಿನಲ್ಲೂ ತಗ್ಗು ಬೇಕು, ಸೊಟ್ಟಗಿದ್ದರೆ ಸೊಟ್ಟಗೇ ಬೇಕು. ತಿದ್ದಿ ಕೊಟ್ಟರೆ ಕಳ್ಳಮಾಲು ಎಂದು ಮೂಗು ಮುರಿಯುತ್ತಾರೆ. ನಮ್ಮಪ್ಪ ಕಲಿಸಿದ್ದೂ ಅದನ್ನೇ. ‘ನಕಲು ಮಾಡಾವ್ರು ತಮ್ಮ ಬುದ್ಧಿ ಓಡಸಬಾರ್ದವ್ವಾ’ ಎನ್ನುತ್ತಿದ್ದ. ನನ್ನ ಬುದ್ಧಿಯನ್ನು ನಾನು ಅಂಗಡಿಯ ಹೊರಗೆ ಚಪ್ಪಲಿಯ ಪಕ್ಕ ಬಿಟ್ಟು ಒಳಗೆ ಬರುತ್ತೇನೆ.

ಇಂಥದ್ದರಲ್ಲಿ ಒಂದು ದಿನ ಬಿರುಗಾಳಿ ಎದ್ದು ನಮ್ಮ ಗೋಪುರದ ಮೂಡಣ ಹಾರ್ನಿನ ಹಲ್ಲು ಕಿತ್ತು ಬಿದ್ದು ನುಚ್ಚುನೂರಾಯಿತು. ಅಂದಿನಿಂದ ಮೂಡಣದ ಓಣಿಗಳಿಗೆ ಗೋಪುರದ ಮಾತು ಬಂದ್. ಆದರೆ ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಕೇಳಿಸಲಿಲ್ಲ ಎಂದಂತಾಗುತ್ತದಲ್ಲ. ಪಾಪ, ಅವರು ಹೊಗೆ ಕಂಡರೆ ಊಟವಿದೆಯೆಂದೂ, ಬಿಳಿ ಬಟ್ಟೆ ಕಂಡರೆ ಹೆಣ ಎದ್ದಿದೆಯೆಂದೂ ಅಂದಾಜಿನ ಮೇಲೆ ಸಂಸಾರ ನಡೆಸಿದರು. ಮೂಡಣ ಹಾರ್ನಿಗೆ ನೇರ ಎದುರಿಗಿದ್ದ ಒಂದೇ ಒಂದು ಮನೆಗೆ ಮಾತ್ರ ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಎಲ್ಲವೂ ಕೇಳುತ್ತಿತ್ತು. ಅದು ಪುರಸಭೆಯ ಅಧ್ಯಕ್ಷ ರುದ್ರಗೌಡರ ಮನೆ. ‘ಗೋಪುರ ಈಗ ಬಾಳ ಛಲೋ ಮಾತಾಡ್ತೈತಿ’ ಎಂದು ಅವರು ಎಲ್ಲರೆದುರೂ ಹೊಗಳುತ್ತಿದ್ದರು. ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ಮನೆಪಟ್ಟಿ ಕಟ್ಟಿರೆಂದು ಕೂಗಿಸಿದಾಗ ಮೂಡಣದಿಂದ ಒಂದು ನರಪಿಳ್ಳೆಯೂ ಬಾರದಿದ್ದಾಗಲೇ ಗೌಡರಿಗೆ ಅನುಮಾನ ಬಂದದ್ದು.

ನನಗೆ ಕರೆ ಬಂತು. ಮೂಡಣಕ್ಕೆ ಹೊಸ ಹಲ್ಲು ಬೇಕು, ಮಾದರಿಗೆ ಪಡುವಣದ್ದನ್ನು ಇಳಿಸಿಕೋ ಎಂದರು. ಇಳಿಸಿಕೊಂಡು ಬಂದು ಅಂಗಳದಲ್ಲಿ ಚಾಪೆಯ ಮೇಲಿಟ್ಟೆ. ಅಲ್ಲಿಂದಲೇ ಈ ಕಥೆ ಶುರುವಾಗುವುದು.

ಪಡುವಣ ಹಾರ್ನಿಗೆ ನೇರ ಎದುರಿಗಿರುವುದು ಫಕೀರವ್ವನ ಮನೆ. ಗಂಡ ಸತ್ತ ಮೇಲೆ ಕೌದಿ ಹೊಲಿದು ಮಗಳು ಗುರವ್ವನನ್ನು ಬೆಳೆಸಿದ ಹೆಂಗಸು. ಊರಿನಲ್ಲಿ ಆಕೆಗೆ ಸೊಕ್ಕಿನ ಫಕೀರವ್ವ ಎಂದೇ ಹೆಸರು. ಹತ್ತು ಹನ್ನೆರಡು ವರ್ಷದಿಂದ ಆಕೆ ಯಾರ ಮದುವೆಗೂ ಬಂದವಳಲ್ಲ, ಯಾರ ಮಣ್ಣಿಗೂ ಬಂದವಳಲ್ಲ. ಬೇರೆಯವರ ಮಾತು ಇರಲಿ, ಹೆತ್ತ ತಾಯಿಯ ಮಣ್ಣಿಗೇ ಬರಲಿಲ್ಲ. ಆ ಸಾವನ್ನು ಗೋಪುರದಿಂದ ಕೂಗಿದವನು ಆಕೆಯ ಸ್ವಂತ ಅಣ್ಣ ಯಮನೂರಪ್ಪ. ಗೋಪುರದ ಒದರಿಕೆ ಅವನದೇ ಕೆಲಸ. ಅವ್ವ ಅವನ ಮನೆಯಲ್ಲೇ ಇದ್ದಳು. ಅವ್ವ ಹೋದಳು ಬಾ ತಂಗಿ ಎಂದು ತನ್ನ ಬಾಯಿಂದ, ಆಕೆಯ ಮನೆಗೇ ಎದುರಾಗಿ ಕೂಗಿದ. ಆಕೆ ಬರಲಿಲ್ಲ. ಮಣ್ಣು ಮುಗಿದು ಜನ ಕೈಕಾಲು ತೊಳೆದುಕೊಂಡು ಬರುವಾಗ, ಬಾವಿಯ ದಾರಿಯಲ್ಲಿ ಎದುರಾಗಿ, ಯಾರು ಹೋದರೆಂದು ಕೇಳಿದಳು! ಗೊತ್ತಾದ ಮೇಲೆ ನೆಲಕ್ಕೆ ಬಿದ್ದು ಹೊರಳಿ, ನನಗೆ ಕೇಳಿಸಲಿಲ್ಲ, ನನಗೆ ಕೇಳಿಸಲಿಲ್ಲ ಎಂದು ಬಾಯಿ ಬಡಿದುಕೊಂಡಳು. ಗೋಪುರಕ್ಕೆ ಅಷ್ಟು ಹತ್ತಿರ, ಅಷ್ಟು ನೇರ ಇನ್ನೊಂದು ಮನೆಯೇ ಇಲ್ಲ. ಆಕೆಯದೇ ಬಾಯಲ್ಲಿ ಆಡಬಾರದ ಆ ಮಾತು. ಜನ ಕಾಲು ಕೊಡವಿ ಹೋದರು. ಯಮನೂರಪ್ಪ ಅಂದಿನಿಂದ ತಂಗಿಯ ಕಡೆ ಮುಖ ತಿರುಗಿಸಲಿಲ್ಲ. ನಮ್ಮೂರಲ್ಲಿ ಮುಖ ತಿರುಗಿಸದಿದ್ದರೆ ಮಾತು ಸತ್ತಂತೆಯೇ.

ಈಗ ಆ ಗುರವ್ವನ ಮದುವೆ ಗೊತ್ತಾಗಿತ್ತು. ಪರ ಊರಿನ ಗಂಡು. ನಮ್ಮ ಪದ್ಧತಿಯಲ್ಲಿ ಹುಡುಗಿಯನ್ನು ಸೋದರಮಾವ ಎತ್ತಿಕೊಂಡು ಬಂದು ಮಣೆಯ ಮೇಲೆ ನಿಲ್ಲಿಸಬೇಕು. ಇಲ್ಲದಿದ್ದರೆ ಅದು ಮದುವೆಯೇ ಅಲ್ಲ, ಗಂಡಿನವರು ಎದ್ದು ಹೋದರೂ ಕೇಳುವಂತಿಲ್ಲ. ಊರವರು ಬರುವುದಿಲ್ಲ ಎಂಬುದು ಖಾತ್ರಿಯಿತ್ತು. ಅಣ್ಣ ಬಂದಾನೆಯೇ ಎಂಬುದೊಂದೇ ಫಕೀರವ್ವನಿಗೆ ಉಳಿದಿದ್ದ ಆಸೆ.

ನಾನು ಹಲ್ಲು ಇಳಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ಆಕೆ ನಮ್ಮ ಅಂಗಳಕ್ಕೆ ಓಡಿ ಬಂದಳು. ಕೈಯಲ್ಲಿ ಅರ್ಧ ಹೊಲಿದ ಕೌದಿ, ಸೂಜಿ ಇನ್ನೂ ಅದರಲ್ಲೇ ನೇತಾಡುತ್ತಿತ್ತು. ನನ್ನ ಮುಖಕ್ಕೆ ಮುಖ ತಂದು ನಿಂತಳು.

“ಕಾಳವ್ವಾ, ನಮ್ಮಣ್ಣ ನನ್ನ ಕೂಡ ಮಾತಾಡಿದ,” ಎಂದಳು.

“ಹೌದೇನಕ್ಕಾ? ಏನಂದ?”

“ನಾಳೆ ನಳಾ ಬಿಡೂದಿಲ್ಲ, ನೀರು ತುಂಬಿ ಇಟ್ಕೋರಿ ಅಂದ.” ಹೇಳುತ್ತಾ ಹೇಳುತ್ತಾ ಆಕೆಯ ಕಣ್ಣು ತುಂಬಿದವು. “ಎಷ್ಟು ವರ್ಷದ ಮ್ಯಾಲ ಕೇಳಿದ್ನೆವ್ವಾ ಆ ದನಿ! ಮುದುಕ ಆಗ್ಯಾನ. ನಡುವ ಕೆಮ್ಮಿದ. ನೀರು ತುಂಬಿಟ್ಕೋ ಅಂತ ನನಗ ಯಾಕ ಹೇಳಬೇಕಿತ್ತು ಅಂವಾ? ಮಾಯೆ ಹೋಗಿಲ್ಲ ಅಂದಂಗಾತು, ಅಲ್ಲೇನು?”

ನಾನು ಏನು ಹೇಳಲಿ? ಪಡುವಣದ ಹಲ್ಲು ನನ್ನ ಚಾಪೆಯ ಮೇಲೆ ಬಿದ್ದಿತ್ತು. ಅದು ಇಲ್ಲಿರುವಷ್ಟು ದಿನ ಪಡುವಣದ ಓಣಿಗಳಲ್ಲೆಲ್ಲ ಗೋಪುರ ಕೇಳುವುದು ಆಕೆಯೊಬ್ಬಳಿಗೇ. ಹಾಗಾದರೆ ಹಲ್ಲು ಇದ್ದಾಗ? ಆಕೆ ಹೋದ ಮೇಲೆ ಚೌಕಟ್ಟನ್ನು ಬಿಸಿಲಿಗೆ ಹಿಡಿದು ನೋಡಿದೆ. ನಡುವಿನ ನಾಲ್ಕು ಪಟ್ಟಿಗಳು ಒಂದರ ಮೇಲೊಂದು ಅಮರಿ ಕಚ್ಚಿಕೊಂಡಿದ್ದವು. ಮಗ್ಗುಲಲ್ಲಿ ಏಣಿಯ ಕಾಲಿನ ಗುರುತು, ಅದರ ಮೇಲೆ ಹಳದಿ ಬಣ್ಣ. ಗೋಪುರ ಎಂದೂ ತಪ್ಪಿಲ್ಲವೆಂದು ಒಂದು ವರ್ಷ ಉತ್ಸವ ಮಾಡಿ ಅದಕ್ಕೆ ಹಳದಿ ಬಣ್ಣ ಹೊಡೆಸಿದ್ದರು. ಆಗ ಬಣ್ಣದವರು ಏಣಿಯನ್ನು ಹಲ್ಲಿಗೇ ಆನಿಸಿದ್ದಾರೆ. ಆ ಉತ್ಸವವಾದ ವರ್ಷದ ಮಳೆಗಾಲದಲ್ಲೇ ಯಮನೂರಪ್ಪನ ಅವ್ವ ತೀರಿಕೊಂಡದ್ದು. ಹಲ್ಲು ನಡುವೆ ಕಚ್ಚಿಕೊಂಡರೆ ಮಾತು ಎಡಕ್ಕೆ ಹರಡುತ್ತದೆ, ಬಲಕ್ಕೆ ಹರಡುತ್ತದೆ, ನೇರ ಎದುರಿನ ಮನೆಗೆ ಮಾತ್ರ ಹೋಗುವುದಿಲ್ಲ. ರೇಡಿಯೋ ಹಚ್ಚಿ, ಹಲ್ಲು ಮುಂದಿಟ್ಟು, ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ನಟ್ಟನಡುವೆ ಬಂದಾಗ ರೇಡಿಯೋ ಸತ್ತಂತಾಯಿತು. ನನಗೆ ನಿಂತಲ್ಲೇ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು.

ಆ ವಾರ ಫಕೀರವ್ವ ಊರನ್ನೇ ಬೆರಗುಗೊಳಿಸಿದಳು. ಗೋಪುರ ಕರೆದದ್ದಕ್ಕೆಲ್ಲ ಹೋದಳು. ಗಾಣಿಗರ ಮನೆಯ ತೊಟ್ಟಿಲಿಗೆ ಕೂಸಿನ ಕುಂಚಿಗೆ ಹೊಲಿದುಕೊಂಡು ಹೋದಳು, ಮೇಗಳ ಓಣಿಯ ಮುದುಕಿಯ ಮಣ್ಣಿಗೆ ಎಲ್ಲರಿಗಿಂತ ಮೊದಲು ಹೋದಳು. ಪಡುವಣದಿಂದ ಬಂದವಳು ಆಕೆಯೊಬ್ಬಳೇ. ಯಾರೂ ಬಾರದ ಹೊತ್ತಿಗೆ ಬಂದು ನಮ್ಮನ್ನು ಅಣಕಿಸುತ್ತಾಳೆ, ಎಷ್ಟು ಸೊಕ್ಕು ನೋಡು ಎಂದರು ಜನ.

ನಾನು ಮೊದಲು ಯಮನೂರಪ್ಪನಲ್ಲಿಗೇ ಹೋದೆ. ಗೋಪುರದ ಮೇಲಿನ ಅವನ ಕೋಣೆಯಲ್ಲಿ ಒಂದು ಮೈಕು, ಎರಡು ಹಾರ್ನಿಗೆ ಎರಡು ಗುಂಡಿ, ಕುಡಿಯುವ ನೀರಿನ ತಂಬಿಗೆ. ಮೈಕಿನ ಮುಂದಿನ ಪಡುವಣ ಕಿಟಕಿಯ ಕದವನ್ನು ಆತ ಮುಚ್ಚಿಯೇ ಇಡುತ್ತಿದ್ದ, ತಂಗಿಯ ಅಂಗಳ ಕಣ್ಣಿಗೆ ಬೀಳಬಾರದೆಂದು.

“ಕಾಕಾ, ಹಲ್ಲು ನಡುವ ಕಚ್ಚಿಕೊಂಡೈತ್ರಿ,” ಎಂದೆ. “ನಿಮ್ಮ ತಂಗಿ ಖರೇನ ಹೇಳಿದ್ಲು. ಆಕಿಗೆ ಗೋಪುರ ಕೇಳಿಸಿದ್ದಿಲ್ಲ.”

ಆತ ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದ. “ಕಾಳವ್ವಾ, ನಾ ಇಲ್ಲಿ ಕುಂತು ಒದರಾಕ ಹತ್ತಿ ಜನ್ಮ ಸವೆದೈತಿ. ನೀ ಹೇಳೂದು ಖರೇ ಅಂದ್ರ, ನಾ ಅವ್ವನ ಸಾವು ಯಾರಿಗೆ ಹೇಳಿದಂಗಾತು? ಗಾಳಿಗೇನು?”

“ಹಲ್ಲು ತಂದು ತೋರಸ್ತೀನ್ರಿ.”

“ತಗಡು ನಿನ್ನ ಕೈಯಾಗ ಐತಿ. ನೀ ಹೆಂಗ ಬೇಕಾದ್ರೂ ಬಗ್ಗಸ್ತೀ. ಆಕಿ ನಿನಗ ಅಕ್ಕ ಆಗ್ಯಾಳ ಈಗ.” ಹೀಗೆಂದು ಆತ ಗೋಡೆಗೆ ಮುಖ ಮಾಡಿದ. ತುಟಿ ಅಲ್ಲಾಡುತ್ತಿತ್ತು, ಕೈ ಎತ್ತಿ ಎತ್ತಿ ಏನೋ ಹೇಳುತ್ತಿದ್ದ. ನನಗೆ ಒಂದಕ್ಷರವೂ ಕೇಳಲಿಲ್ಲ.

ಆಮೇಲೆ ರುದ್ರಗೌಡರಲ್ಲಿಗೆ ಹೋದೆ. ಚೌಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋದೆ. ಅವರಿಗೆ ವಿಷಯ ತಿಳಿಯಲು ತಡವಾಗಲಿಲ್ಲ, ದಡ್ಡರಲ್ಲ ಅವರು. ತಿರುಗುವ ಕುರ್ಚಿಯಲ್ಲಿ ಕೂತಿದ್ದವರು ಎದುರಿಗಿದ್ದ ಊರ ಪಂಚರ ಕಡೆಗೆ ಬೆನ್ನಾಗಿ, ನನ್ನೊಬ್ಬಳ ಕಡೆಗೆ ತಿರುಗಿ ಹೇಳಿದರು.

“ನೋಡು ಕಾಳವ್ವಾ, ಒಬ್ಬಾಕಿ ಸೊಕ್ಕಿನಾಕಿ ಆದ್ರ ಊರಿಗೇನು ನಷ್ಟ ಇಲ್ಲ. ಗೋಪುರ ತಪ್ಪಿತು ಅಂದ್ರ ಮುಗೀತು. ನಾಳೆ ಮನಿಪಟ್ಟಿ ಕಟ್ಟಂದ್ರ ಎಲ್ಲಾರ ಮನೀನೂ ಹಲ್ಲಿನ ಮರೀಗೆ ಬಂದಿರ್ತೈತಿ. ನೀ ಇದನ್ನ ಇದ್ದಂಗ ಏರಸು. ಮುಟ್ಟಬ್ಯಾಡ. ಹೊಸಾದೂ ಇದರಂಗ ಇರಬೇಕು.”

“ಇದರಂಗಂದ್ರ, ತಗ್ಗು ಸೈತ ಏನ್ರಿ ಗೌಡ್ರ?”

“ಒಂದು ಕೂದಲೆಳಿ ವ್ಯತ್ಯಾಸ ಬರಬಾರ್ದು. ಎರಡೂ ಹಾರ್ನು ಬ್ಯಾರೆ ಬ್ಯಾರೆ ಕಂಡ್ರ ಜನ ನೂರು ಪ್ರಶ್ನೆ ಕೇಳ್ತಾರ.”

ಆಗಲಿ ಎಂದೆ. ಅವರ ಮನೆ ಮೂಡಣ ಹಾರ್ನಿಗೆ ನೇರ ಎದುರಿಗಿದೆ ಎಂಬುದನ್ನು ನಾನು ನೆನಪಿಸಲಿಲ್ಲ. ನಕಲು ಮಾಡುವವರು ತಮ್ಮ ಬುದ್ಧಿ ಓಡಿಸಬಾರದು. ಅಷ್ಟು ಮನಸ್ಸಿಟ್ಟು ನಾನು ಯಾವ ಹಲ್ಲನ್ನೂ ಕಟ್ಟಿದ್ದಿಲ್ಲ. ಪಟ್ಟಿಗಳನ್ನು ಬಾಗಿಸಿ ಕೂರಿಸಿದ ಮೇಲೆ ನಡುವಿನ ನಾಲ್ಕನ್ನು ಮರದ ಸುತ್ತಿಗೆಯಿಂದ ಹದವಾಗಿ ಬಡಿದು, ಅಸಲಿಯಲ್ಲಿ ಹೇಗೋ ಹಾಗೆ ಒಂದರ ಮೇಲೊಂದು ಕಚ್ಚಿಸಿದೆ. ಅಳತೆಯ ಕಡ್ಡಿ ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಪಂಚರು ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿ ಶಭಾಸ್ ಎಂದರು. ಹೊಸದು ಮೂಡಣಕ್ಕೆ ಏರಿತು, ಹಳೆಯದು ಪಡುವಣಕ್ಕೆ ಮರಳಿತು. ಪಡುವಣದ್ದನ್ನು ಬಿಗಿಯುವಾಗ ಮಾತ್ರ ಫಕೀರವ್ವನ ಮನೆಗೆ ಬೆನ್ನು ಮಾಡಿ ನಿಂತೆ. ಮರುದಿನದಿಂದ ಫಕೀರವ್ವನ ಕಿಂಡಿ ಮತ್ತೆ ಮೂಕಾಯಿತು. ‘ಅಣ್ಣನ ಸಿಟ್ಟು ತಿರುಗಿ ಬಂತು ಕಾಳವ್ವಾ, ನಾ ಏನು ತಪ್ಪು ಮಾಡಿದ್ನೋ’ ಎಂದು ಆಕೆ ಬಾವಿಯ ಕಟ್ಟೆಯ ಮೇಲೆ ನನ್ನನ್ನು ಕೇಳಿದಳು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಆಕೆ ನಂಬಿದಳೋ ಇಲ್ಲವೋ, ಕೊಡ ಎತ್ತಿಕೊಂಡು, “ಅಂವಗ ತಿಳೀಲಿಲ್ಲಂದ್ರ ನನಗ ತಿಳಿದು ಏನುಪಯೋಗವ್ವಾ,” ಎಂದು ಹೋದಳು.

ಇತ್ತ ರುದ್ರಗೌಡರ ಕಷ್ಟಗಳು ಶುರುವಾದವು. ಮೂಡಣಕ್ಕೆಲ್ಲ ಕೇಳಿದ ಗೋಪುರ ಅವರೊಬ್ಬರಿಗೆ ಕೇಳಲೊಲ್ಲದು. ತಾವೇ ಕರೆಸಿದ ಪುರಸಭೆಯ ಸಭೆಗೆ ತಾವೇ ಹೋಗಲಿಲ್ಲ. ಚುನಾವಣೆಯಲ್ಲಿ ಅವರಿಗಾಗಿ ಓಣಿ ಓಣಿ ಸುತ್ತಿದ್ದ ಮುದುಕ ಸತ್ತಾಗ, ಹೆಣ ಅವರ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದರೆ ಗೌಡರು ಜಗುಲಿಯ ಮೇಲೆ ಕೂತು ನಗುನಗುತ್ತಾ ಚಹಾ ಕುಡಿಯುತ್ತಿದ್ದರು. ಅಧಿಕಾರದ ಅಮಲು ಎಂದರು ಜನ. ಒಂದು ಮಧ್ಯಾಹ್ನ ಅವರೇ ನನ್ನ ಅಂಗಡಿಗೆ ಬಂದರು. ಅದುವರೆಗೆ ಅವರು ಯಾರ ಅಂಗಡಿಗೂ ಹೋದವರಲ್ಲ.

“ಕಾಳವ್ವಾ, ಹೊಸಾ ಹಲ್ಲು ಹೆಂಗೈತಿ?”

“ಹಳೇದರಂಗ ಐತ್ರಿ. ಒಂದು ಕೂದಲೆಳಿ ವ್ಯತ್ಯಾಸ ಇಲ್ಲ.”

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. ಅವರ ಮುಖದಲ್ಲಿ ಲೆಕ್ಕ ಸರಿಹೊಂದಿದ್ದು ಕಾಣಿಸಿತು.

“ಯಾರಿಗೂ ತಿಳೀದಂಗ ಅದನ್ನ ಸರಿ ಮಾಡು.”

“ಮಾಡ್ತೀನ್ರಿ. ಪಡುವಣದ್ದೂ ಸರಿ ಮಾಡ್ತೀನಿ. ‘ನನಗ ಕೇಳಿಸ್ಲಿಲ್ಲ’ ಅಂತ ನೀವು ಗೋಪುರದಾಗ ಒಮ್ಮಿ ಹೇಳ್ರಿ, ಅಷ್ಟ ಸಾಕು.”

“ನಾ ಅಧ್ಯಕ್ಷ ಇದ್ದೀನಿ!”

“ಅದಕ್ಕರಿ ನಿಮಗ ಹೇಳಿದ್ದು.”

ಗೌಡರು ಹೇಳಲಿಲ್ಲ. ಬದಲಿಗೆ ಬೇರೆ ದಾರಿ ಹಿಡಿದರು. ಎಲ್ಲಿ ಹಂದರ ಕಂಡರೂ ನುಗ್ಗತೊಡಗಿದರು. ಊರಲ್ಲಿ ಎಲ್ಲಿ ಒಂದು ಮಾವಿನ ತೋರಣ, ಎಲ್ಲಿ ಒಂದು ದೊಡ್ಡ ಒಲೆಯ ಹೊಗೆ, ಅಲ್ಲಿ ಗೌಡರು ಹಾಜರು. ಒಮ್ಮೆ ಶ್ಯಾವಿಗೆ ಒಣಗಿಸಲು ಹಾಕಿದ್ದ ಚಪ್ಪರದಲ್ಲಿ ಕೂತು ವಧೂವರರಿಗಾಗಿ ಬಹಳ ಹೊತ್ತು ಕಾದರಂತೆ. ನನಗೂ ಪಾಪ ಎನ್ನಿಸಿತು, ಸುಳ್ಳೇಕೆ ಹೇಳಲಿ.

ಗುರವ್ವನ ಮದುವೆಯ ದಿನ ಬಂತು. ಹಿಂದಿನ ದಿನವೇ ಯಮನೂರಪ್ಪ ಗೋಪುರದಿಂದ ಕರೆ ಕೊಟ್ಟಿದ್ದ. ಕೆಲಸ ಅಂದರೆ ಕೆಲಸ. ನೀರು ಬಿಡುವುದನ್ನು ಹೇಳಿದ ದನಿಯಲ್ಲೇ ಇಂಥವರ ಮಗಳ ಮದುವೆ ಎಂದ, ತನ್ನ ತಂಗಿ ಎನ್ನಲಿಲ್ಲ. ಬೆಳಿಗ್ಗೆ ಹಂದರದಲ್ಲಿ ಇದ್ದದ್ದು ಗಂಡಿನ ಕಡೆಯವರು, ನಾನು, ಮತ್ತು ಹಾಸಿದ ಖಾಲಿ ಜಮಖಾನೆಗಳು. ಗಂಡಿನ ಕಡೆಯವರ ಊರಿನಲ್ಲಿ ಮಾತು ಎಲ್ಲ ಕಡೆಗೂ ಚೆಲ್ಲಾಡುತ್ತದಂತೆ. ಇಲ್ಲಿಯ ಜನ ಯಾಕೆ ಸುತ್ತು ತಿರುಗುತ್ತಾ ಮಾತಾಡುತ್ತಾರೆಂದು ತಿಳಿಯದೆ ಅವರು ಮೊದಲೇ ಗಾಬರಿಯಾಗಿದ್ದರು. ಈಗ ಊರೇ ಬಂದಿಲ್ಲ, ಸೋದರಮಾವನೂ ಇಲ್ಲ. ಹುಡುಗನ ತಂದೆ ಎರಡು ಸಲ ಎದ್ದು ಗಾಡಿಯ ಕಡೆ ನೋಡಿ ಬಂದು ಕೂತ.

ಅಷ್ಟರಲ್ಲಿ ರುದ್ರಗೌಡರು ತೋರಣ ಕಂಡು ರಭಸದಿಂದ ಒಳಗೆ ಬಂದರು. ಬಂದು, ಎರಡೂ ಕೈ ಜೋಡಿಸಿ, ಯಾರ ಮದುವೆಯೆಂದು ಕಣ್ಣಾಡಿಸಿ ನೋಡಿ, ಬಾಗಿಲಲ್ಲಿ ನಿಂತ ಫಕೀರವ್ವನನ್ನು ಕಂಡು ಕಂಬದಂತಾದರು. ತಿರುಗಿ ಹೋಗುವಂತಿರಲಿಲ್ಲ. ಕರೆ ಕೇಳಿಯೇ ಬಂದವರಂತೆ ಮುಂದಿನ ಸಾಲಿನಲ್ಲಿ ಕೂತುಬಿಟ್ಟರು. ಓಣಿಯಲ್ಲಿ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಗೋಪುರ ಹೇಳಿದ್ದನ್ನಷ್ಟೇ ಮತ್ತೆ ಹೇಳಬಾರದು, ಅಧ್ಯಕ್ಷರು ಎಲ್ಲಿ ಕೂತಿದ್ದಾರೆ ಎಂದು ಹೇಳಲು ಅಡ್ಡಿಯಿಲ್ಲ. ಅವರೇ ಹೋದ ಮೇಲೆ ನಮ್ಮದೇನು ಎಂದು ಒಬ್ಬೊಬ್ಬರೇ ಬಂದರು. ನೋಡುತ್ತಿದ್ದಂತೆ ಜಮಖಾನೆ ಸಾಲದೆ ಚಾಪೆ ತಂದರು. ಹತ್ತು ಹನ್ನೆರಡು ವರ್ಷದ ಬಹಿಷ್ಕಾರ ಇಷ್ಟು ಸುಲಭವಾಗಿ ಮುರಿದದ್ದಕ್ಕೆ ನನಗೆ ನಗು ಬಂತು. ಫಕೀರವ್ವ ನಗಲಿಲ್ಲ. ಬಂದವರಿಗೆಲ್ಲ ಅರಿಸಿನ ಕುಂಕುಮ ಕೊಡುತ್ತಿದ್ದರೂ ಆಕೆಯ ಕಣ್ಣು ಅಂಗಳದ ಬಾಗಿಲಲ್ಲೇ ಇತ್ತು. ಅಧ್ಯಕ್ಷರು ಬಂದರೇನು, ಅವರು ಹುಡುಗಿಯನ್ನು ಎತ್ತಿಕೊಳ್ಳುವಂತಿಲ್ಲ. ಹುಡುಗನ ತಂದೆ ಮತ್ತೆ ಎದ್ದ.

ಮದುವೆಯಿದ್ದ ದಿನ ಮುಹೂರ್ತಕ್ಕೆ ಸ್ವಲ್ಪ ಮುಂಚೆ ಗೋಪುರದಿಂದ ಇನ್ನೊಂದು ಕರೆ ಬರುತ್ತದೆ, ಅಕ್ಷತೆ ಹಾಕಲು ಬನ್ನಿರೆಂಬ ಅಕ್ಕಿಕಾಳಿನ ಕರೆ. ಅದು ನೆನಪಾದದ್ದೇ ತಡ, ನಾನು ಸೀರೆಯ ನಿರಿಗೆ ಎತ್ತಿ ಕಟ್ಟಿ, ಮನೆಯಿಂದ ಪಾನಾ ತೆಗೆದುಕೊಂಡು ಗೋಪುರದ ಮೆಟ್ಟಿಲು ಹತ್ತಿದೆ. ಯಮನೂರಪ್ಪ ಕೋಣೆಯೊಳಗೆ ಬೆನ್ನು ಹಾಕಿ ಕೂತಿದ್ದ. ಹೊರಗಿನ ಕಟ್ಟೆಯ ಮೇಲೆ ನಿಂತು ಪಡುವಣ ಹಾರ್ನಿನ ತಿರುಪುಗಳನ್ನು ಬಿಚ್ಚಿ ಹಲ್ಲನ್ನು ಕೆಳಗಿಳಿಸಿದೆ. ಅದನ್ನು ಎತ್ತಿಕೊಂಡು ಒಳಗೆ ಬಂದಾಗ ಆತ ಗುಂಡಿ ಒತ್ತಿ ಮೈಕಿಗೆ ಬಾಯಿ ಇಟ್ಟಿದ್ದ. ನಾನು ಕೈ ಚಾಚಿ ಅವನ ಮುಂದಿನ ಕಿಟಕಿಯ ಕದವನ್ನು ತೆರೆದುಬಿಟ್ಟೆ.

ತಂಗಿಯ ಅಂಗಳ ಕಣ್ಣ ಮುಂದೆ ಬಿತ್ತು. ಆತ ಬೆಚ್ಚಿ ನನ್ನನ್ನು ನೋಡಿದ, ಬೈಯಬೇಕೆಂದು ಬಾಯಿ ತೆರೆದ. ಆದರೆ ಕರೆ ಅರ್ಧಕ್ಕೆ ನಿಂತಿತ್ತು, ಕರೆಯನ್ನು ಅರ್ಧಕ್ಕೆ ಬಿಟ್ಟವನಲ್ಲ ಅವನು. ಮೈಕಿನತ್ತ ತಿರುಗಿ ಮುಂದುವರಿಸಿದ. ಕೆಳಗೆ ಹಂದರದಲ್ಲಿ ಇದ್ದವರು ಯಾರೂ ಅಲ್ಲಾಡಲಿಲ್ಲ. ಫಕೀರವ್ವ ಒಬ್ಬಳು ಬಾಗಿಲ ಬಳಿ, ಹಾರ್ನಿಗೆ ನೇರವಾಗಿ ನಿಂತಿದ್ದಳು. ಆಕೆ ಥಟ್ಟನೆ ತಲೆ ಎತ್ತಿದಳು. ಕೈಯಲ್ಲಿದ್ದ ಕುಂಕುಮದ ತಟ್ಟೆ ಬಿತ್ತು. ಆತ ನಿಲ್ಲಿಸಿದ. ಆಕೆ ಹಾಗೇ ಗೋಪುರ ನೋಡುತ್ತಾ ನಿಂತಳು. ಆತ ಒಂದು ಶಬ್ದ ಆಡಿದ. ಆಕೆಯ ಕೈ ಎದೆಗೆ ಹೋಯಿತು. ಮತ್ತೊಂದು ಆಡಿದ, ಆಕೆ ಸೆರಗು ತಲೆಗೆ ಹೊದ್ದು ಎರಡು ಹೆಜ್ಜೆ ಮುಂದೆ ಬಂದಳು. ಇಷ್ಟು ವರ್ಷ ಕೂಗಿದರೂ ಅಲ್ಲಾಡದಿದ್ದ ತಂಗಿ ಈಗ ಒಂದೊಂದು ಮಾತಿಗೂ ಅಲ್ಲಾಡುವುದನ್ನು ಆತ ಕಣ್ಣಾರೆ ನೋಡಿದ. ನನ್ನ ಕಾಲ ಬಳಿ ಇದ್ದ ಹಲ್ಲಿನ ಚೌಕಟ್ಟನ್ನೂ ನೋಡಿದ.

ಆಮೇಲೆ ಆತ ಕೈ ಚಾಚಿ ಮೂಡಣ ಹಾರ್ನಿನ ಗುಂಡಿಯನ್ನು ಆರಿಸಿದ. ಈಗ ಅವನ ಮಾತು ಲೋಕದಲ್ಲಿ ಒಬ್ಬಳಿಗೇ ಕೇಳುವಂಥದ್ದು. ಮೈಕಿಗೆ ಬಾಗಿ ಏನೋ ಹೇಳಿದ. ನಾನು ಬೆನ್ನ ಹಿಂದೆ ನಿಂತಿದ್ದೆ, ನನಗೆ ಕಂಡದ್ದು ಮೇಲೆ ಕೆಳಗೆ ಆಡುವ ಅವನ ಹೆಗಲು ಮಾತ್ರ. ಕೆಳಗೆ ಫಕೀರವ್ವ, ಮದುವೆಯ ಹೊಸ ಸೀರೆ ಉಟ್ಟವಳು, ಅಷ್ಟು ಜನರ ನಡುವೆ ನೆಲಕ್ಕೆ ಕುಸಿದು ಕೂತು, ಎದೆ ಎದೆ ಬಡಿದುಕೊಂಡು ಅತ್ತಳು. ಹಂದರದವರು ಏನೂ ತಿಳಿಯದೆ ಆಕೆಯ ಸುತ್ತ ಕೂಡಿದರು. ಆತ ಕಿಟಕಿಯಿಂದ ಅದನ್ನೆಲ್ಲ ನೋಡುತ್ತಾ ಕೂತ, ಆಕೆ ಅತ್ತು ಮುಗಿಸುವವರೆಗೆ. ಆಮೇಲೆ ಎದ್ದು, ಹಂದರಕ್ಕೆ ಹೊರಟವನಂತೆ, ರುಮಾಲು ಸರಿಯಾಗಿ ಸುತ್ತಿಕೊಂಡ.

“ಮದವಿ ದಿನ ಏನು ಹೇಳಿದ್ರಿ ಕಾಕಾ, ಆಕಿ ಹಂಗ ಅಳೂವಂಗ?” ಎಂದೆ.

ಆತ ನನ್ನ ಕಡೆಗೆ ಪೂರ್ತಿ ಮುಖ ತಿರುಗಿಸಿದ.

“ಅವ್ವ ತೀರಿಕೊಂಡ್ಲು, ಲಗೂ ಬಾ ಅಂದೆ,” ಎಂದ. “ಆಕಿಗೆ ನಾ ಇನ್ನೂ ಹೇಳಿದ್ದಿಲ್ಲಲ್ಲ.”